ಖಾಲಿ ಜಾಗವೆಂದು ನೀವು ಓದಿದ್ದು

ಹೊಸ ಬಡಾವಣೆಗಳ ಯೋಜನಾಧಿಕಾರಿಗಳಿಗೆ

ಮಾನ್ಯರೇ,

ಚಿಕ್ಕಲಸಂದ್ರದಿಂದ ಆಚೆಗಿರುವ ಒಂದು ಸಣ್ಣ ಊರಿನ ಹೆಂಗಸರು ಜುಲೈ ತಿಂಗಳಲ್ಲಿ ಕೊಟ್ಟ ಅರ್ಜಿಯನ್ನು ನೀವು ತಳ್ಳಿಹಾಕಿದ್ದೀರಿ. ಅದಕ್ಕೆ ನೀವು ತೋರಿಸಿರುವ ಕಾರಣ ಒಂದು ನಕ್ಷೆ. ನಿಮ್ಮ ಉತ್ತರದ ಮಾತುಗಳನ್ನೇ ಬರೆಯುತ್ತೇನೆ: "ಅರ್ಜಿದಾರರು ತಿಳಿಸಿರುವ ಜಾಗವು ಯಾವುದೇ ಉಪಯೋಗದಲ್ಲಿಲ್ಲದೆ ಖಾಲಿ ಇರುವುದು ವಿಶ್ವವಿದ್ಯಾಲಯದ ಕ್ಷೇತ್ರ ನಕ್ಷೆಯಿಂದ ದೃಢಪಟ್ಟಿರುತ್ತದೆ." ಆ ನಕ್ಷೆಯನ್ನು ಬರೆದವಳು ನಾನು. ಆ ಜಾಗ ಖಾಲಿ ಇರಲಿಲ್ಲ. ಅದು ಆ ಊರಿನ ಹೆಂಗಸರು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಬಹಿರ್ದೆಸೆಗೆ ಹೋಗುತ್ತಿದ್ದ ಜಾಗ. ಅದನ್ನು ಬಿಟ್ಟರೆ ಅವರಿಗೆ ಬೇರೆ ಜಾಗವಿಲ್ಲ. ಬರುವ ತಿಂಗಳ ಒಂದನೆಯ ತಾರೀಖಿನಿಂದ ಅದನ್ನು ಹನ್ನೊಂದು ನಿವೇಶನಗಳಾಗಿ ನೋಂದಾಯಿಸಿಕೊಡುವುದಾಗಿ ನಿಮ್ಮ ಪ್ರಕಟಣೆ ಹೇಳುತ್ತದೆ. ಅಷ್ಟರೊಳಗೆ ನಿಮ್ಮ ಕಣ್ಣಿಗೆ ಬೀಳಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮ್ಮ ಕಚೇರಿಗೆ ಎರಡು ಸಲ ಬಂದಿದ್ದೆ. ಮೊದಲ ಸಲ ತಾವು ಮೀಟಿಂಗಿನಲ್ಲಿದ್ದಿರಿ. ಎರಡು ವಾರ ಬಿಟ್ಟು ಬಂದಾಗ ಆ ಮೀಟಿಂಗು ಇನ್ನೂ ಮುಗಿದಿರಲಿಲ್ಲ.

ಬೆಳಗಿನ ಕಾಫಿಯ ಜೊತೆ ಪತ್ರಿಕೆ ಓದುವವರು ವಿಷಯ ನೋಡಿ ಮುಖ ಸಿಂಡರಿಸಬಹುದು. ಅವರನ್ನು ನಾನು ದೂರುವುದಿಲ್ಲ. ನಾಲ್ಕು ವರ್ಷ ಈ ಮಾತನ್ನು ಬಾಯಿಂದ ಆಚೆ ಬಿಡದೆ ಕಾಪಾಡಿದವಳು ನಾನೇ. ಹಾಗೆ ಕಾಪಾಡಿದ್ದರಿಂದ ಏನಾಯಿತು ಎಂಬುದನ್ನು ಹೇಳುವುದಕ್ಕೇ ಇಷ್ಟು ಬರೆಯಬೇಕಾಗಿದೆ.

ನನಗೀಗ ನಲವತ್ತೆಂಟು. ಜಯನಗರದ ಏಳನೇ ಬ್ಲಾಕಿನಲ್ಲಿ, ಯಡಿಯೂರು ಕೆರೆಗೆ ಹತ್ತಿರದಲ್ಲಿ ಮನೆ. ಬಿ.ಎ. ಮುಗಿಸಿ ಇಪ್ಪತ್ತಮೂರು ವರ್ಷವಾದ ಮೇಲೆ, ಮಗಳ ಮದುವೆಯನ್ನೂ ಮುಗಿಸಿ, ಭೂಗೋಳದಲ್ಲಿ ಎಂ.ಎ. ಸೇರಿದೆ. ತರಗತಿಯ ಮಕ್ಕಳು ನನ್ನನ್ನು ಆಂಟಿ ಅನ್ನುತ್ತಿದ್ದರು. ಒಂದಿಬ್ಬರು ಉಪನ್ಯಾಸಕರೂ ಬಾಯಿತಪ್ಪಿ ಹಾಗೇ ಅಂದದ್ದುಂಟು. ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಇಷ್ಟೇ: ಒಂದೇ ಊರಿನಲ್ಲಿ ಒಂದು ದಿನ ಹೆಂಗಸರು ಎಲ್ಲೆಲ್ಲಿ ನಡೆಯುತ್ತಾರೆ, ಗಂಡಸರು ಎಲ್ಲೆಲ್ಲಿ ನಡೆಯುತ್ತಾರೆ, ಆ ದಾರಿಗಳು ಎಲ್ಲಿ ಸೇರುತ್ತವೆ, ಎಲ್ಲಿ ಬೇರೆಯಾಗುತ್ತವೆ. ನಮ್ಮ ಮಾರ್ಗದರ್ಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮಣ್ಣಿದೆ, ಮಳೆಯಿದೆ, ಬೆಳೆಯಿದೆ. ಅದೆಲ್ಲ ಬಿಟ್ಟು ನಿಮ್ಮ ಅತ್ತೆ ಸೊಸೆ ಕತೆ ಯಾಕಮ್ಮ?" ಎಂದರು. ಭೂಮಿಯ ಮೇಲೆ ನಡೆಯುವುದೆಲ್ಲ ಭೂಗೋಳವಲ್ಲವೇ ಸಾರ್ ಅಂದೆ. ನಕ್ಕು ಸಹಿ ಹಾಕಿದರು. ಒಳ್ಳೆಯ ಮನುಷ್ಯರು.

ಹೀಗೆ ಸಾವಿರದ ಒಂಬೈನೂರ ಎಂಬತ್ತೆರಡರ ನವೆಂಬರಿನಲ್ಲಿ ಬನಶಂಕರಿ ದೇವಸ್ಥಾನದ ಹತ್ತಿರ ಬಸ್ಸಿಳಿದು ಆ ಊರಿಗೆ ನಡೆಯಲು ಶುರುಮಾಡಿದೆ. ಕೈಚೀಲದಲ್ಲಿ ವಿಭಾಗದಿಂದ ಸಹಿ ಮಾಡಿ ತಂದ ದಿಕ್ಸೂಚಿ, ಗ್ರಾಮನಕ್ಷೆಯ ಪ್ರತಿ, ಒಂದು ನೋಟುಬುಕ್ಕು. ಅಳತೆಗೆ ನನ್ನ ಕಾಲು. ಸೀರೆ ಉಟ್ಟ ನನ್ನ ನೂರು ಹೆಜ್ಜೆಗೆ ಅರವತ್ತು ಮೀಟರು ಎಂದು ನಮ್ಮ ಬೀದಿಯಲ್ಲೇ ಟೇಪು ಹಿಡಿದು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಪಾಠದಲ್ಲಿ ಹೇಳಿಕೊಟ್ಟ ಕ್ರಮವೇ ಇದು: ಕೇಳುವುದಕ್ಕಿಂತ ಮೊದಲು ಜೊತೆಯಲ್ಲಿ ನಡೆ, ನಡೆದದ್ದನ್ನು ಅಳೆ, ಅಳೆದದ್ದನ್ನು ಬರೆ.

ಮೊದಲ ವಾರ ಯಾರೂ ಮಾತಾಡಲಿಲ್ಲ. ನೋಟುಬುಕ್ಕು ಹಿಡಿದು ಬರುವ ಹೆಂಗಸನ್ನು ಕಂಡರೆ ಆ ಊರಿಗೆ ಎಮರ್ಜೆನ್ಸಿ ಕಾಲದ ನೆನಪು. ನನ್ನನ್ನು ನೋಡಿದ ಕೂಡಲೇ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಒಬ್ಬರು ಸೊಂಟಕ್ಕೆ ಕೈಯಿಟ್ಟುಕೊಂಡು ಎದುರಿಗೇ ಬಂದು ನಿಂತರು.

"ಆಪ್ರೇಸನ್‌ಗೆ ಎಸ್ರು ಬರ್ಕೊಳ್ಳಾಕೆ ಬಂದಿದ್ರೆ ಇಲ್ಲಿಂದ್ಲೇ ವಾಪಸ್ ಓಗಿ ಅಮ್ಮಾವ್ರೆ. ನಂದು ಆಗೈತೆ. ನಮ್ಮೆಜಮಾನ್ರುದೂ ಆಗೈತೆ. ಇನ್ನು ಉಳ್ದಿರೋದು ನಮ್ಮನೆ ಕೋಣ ಒಂದೇಯ."

ಇವರು ಮುನಿಯಕ್ಕ. ಆಗ ಐವತ್ತರ ಹತ್ತಿರ ಇರಬಹುದು. ಬೆಳಿಗ್ಗೆ ಬನಶಂಕರಿ ಎರಡನೇ ಹಂತದಲ್ಲಿ ಗಾರೆ ಕೆಲಸ, ಸಂಜೆ ಮನೆಯ ಎಮ್ಮೆಗಳ ಕೆಲಸ. ನಾನು ಬಂದ ಕಾರಣ ಹೇಳಿದೆ. ನಿಮ್ಮ ಜೊತೆ ನಡೆಯಬೇಕು, ಅಷ್ಟೇ ಅಂದೆ. ಅವರು ನನ್ನ ಚಪ್ಪಲಿ ನೋಡಿದರು. "ನಡೀರಿ ಮತ್ತೆ. ಸಾಯಂಕಾಲಕ್ಕೆ ಈ ಚಪ್ಲಿ ಯಾವ್ ಕಡೆ, ನೀವ್ ಯಾವ್ ಕಡೆ ನೋಡಾಣ" ಎಂದರು. ಆ ಸಂಜೆ ಪಿನ್ನು ಹಾಕಿಕೊಂಡ ಚಪ್ಪಲಿಯಲ್ಲಿ ಕುಂಟುತ್ತಾ ಬಸ್ಸು ಹತ್ತಿದೆ. ಮಾರನೇ ದಿನದಿಂದ ಬಾಗಿಲುಗಳು ತೆರೆದೇ ಇದ್ದವು.

ನಡೆಯುವುದರಲ್ಲಿ ಕಾಣದೆ ಉಳಿಯುವುದು ಬಹಳ ಇರುತ್ತದೆ. ಅದಕ್ಕೆ ಇನ್ನೊಂದು ಕ್ರಮವಿದೆ: ಅವರ ಊರನ್ನು ಅವರ ಕೈಯಲ್ಲೇ ಬರೆಸುವುದು. ಪೆನ್ಸಿಲ್ಲು ಕೊಟ್ಟರೆ ಅವರು ಕೈ ಹಿಂದೆ ಸರಿಸಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಮುನಿಯಕ್ಕನ ಅಂಗಳ ಸಾರಿಸಿ ರಂಗೋಲಿ ಪುಡಿಯ ಡಬ್ಬ ನಡುವೆ ಇಟ್ಟೆ. ನಿಮ್ಮ ಮನೆಯಿಂದ ಶುರುಮಾಡಿ ಇಡೀ ದಿನ ಎಲ್ಲೆಲ್ಲಿ ಹೋಗುತ್ತೀರೋ ಗೆರೆ ಎಳೆಯಿರಿ ಅಂದೆ. ಒಂದೇ ವಾರದಲ್ಲಿ ನಲವತ್ತಮೂರು ಹೆಂಗಸರು ಬಂದು ಎಳೆದರು. ಸೊಗಸಾದ ಗೆರೆಗಳು, ಒಂದೂ ನಡುಗಿದ್ದಿಲ್ಲ. ಬಾವಿಗೆ ಹೋಗುವ ಗೆರೆ, ಹುಲ್ಲಿಗೆ ಹೋಗುವ ಗೆರೆ, ಮಡಿವಾಳದ ಸಂತೆಗೆ ಸೊಪ್ಪು ಹೊರುವವರ ಉದ್ದ ಗೆರೆ, ಸಾರಾಯಿ ಅಂಗಡಿಯ ಮುಂದೆ ಹಾಯದೆ ಸುತ್ತಿ ಬರುವ ಬಳಸು ಗೆರೆ. ನಾನು ಒಂದೊಂದನ್ನೂ ಕಾಗದಕ್ಕೆ ಇಳಿಸಿಕೊಂಡೆ. ಇಳಿಸಿಕೊಳ್ಳುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲರ ನಕ್ಷೆಯಲ್ಲೂ ಒಂದು ಗೆರೆ ಹಳೇ ಕೆರೆಯ ಏರಿಯತ್ತ ಹೋಗಿ, ಅಲ್ಲಿಗೆ ಮುಟ್ಟುವ ಮೊದಲೇ ನಿಂತುಬಿಡುತ್ತಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ.

"ಅಲ್ಲೇನೂ ಇಲ್ಲ ಬುಡಿ ಅಮ್ಮಾವ್ರೆ."

ಹಾಗೆ ಅಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಎರಡು ದಿನ ನನಗೆ ತಿಳಿಯಲಿಲ್ಲ. ಮೂರನೇ ದಿನ ತಿಳಿದಾಗ ನನ್ನ ಮುಖ ಕೆಂಪಾಗಿದ್ದನ್ನು ಮುನಿಯಕ್ಕ ಕಂಡರು. "ನೋಡ್ರೇ, ಎಮ್ಮೆ ಓದೋರ್ಗೆ ಈಗ ಗ್ಯಾನ ಬಂತು" ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ಎಂ.ಎ. ಎನ್ನುವುದು ಅವರ ಬಾಯಲ್ಲಿ ಕೊನೆಯವರೆಗೂ ಎಮ್ಮೆಯೇ ಆಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಾ, ಜಯನಗರ್ದಾಗೆ ನೀವೆಲ್ಲ ಮನೆ ಒಳ್ಗೇ ಓಗ್ತೀರಂತೆ, ಅಡ್ಗೆ ಮನೆ ಮಗ್ಗುಲಾಗೇ? ಥೂ, ಅದೆಂಗಾದ್ರೂ ಉಣ್ತೀರೋ!" ಎಂದರು. ನಾವೆಲ್ಲ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಅವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಏರಿಯ ಹಿಂಬದಿಯ ತಗ್ಗು, ಸುಮಾರು ಒಂದು ಎಕರೆ. ಎರಡು ಕಡೆ ಕತ್ತಾಳೆಯ ಸಾಲು, ಒಳಗೆ ಲಂಟಾನ ಪೊದೆ, ನಡುವೆ ನಾಲ್ಕೈದು ಹೊಂಗೆ ಮರ. ಆ ಕಡೆ ಗಂಡಸರು ಬರುವಂತಿಲ್ಲ. ಈ ನಿಯಮವನ್ನು ಯಾರೂ ಯಾವತ್ತೂ ಬಾಯಲ್ಲಿ ಆಡಿದ್ದಿಲ್ಲ. ತಪ್ಪಿಸಿಕೊಂಡ ಎತ್ತನ್ನು ಅರಸಿ ಯಾರಾದರೂ ಅತ್ತ ಬಂದರೆ ಏರಿಯ ಮೇಲೇ ನಿಂತು ಎರಡು ಸಲ ಕೆಮ್ಮಿ ಹಿಂದಿರುಗುತ್ತಾನೆ. ಎತ್ತು ತಾನಾಗಿ ಬಂದರೆ ಬಂತು. ಆ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಹೆಂಗಸರು ಕೂರುವಂತಿಲ್ಲ, ಹೋಟೆಲಿನಲ್ಲಿ ನಿಲ್ಲುವಂತಿಲ್ಲ, ಗುಡಿಯ ಜಗುಲಿಯಲ್ಲಿ ಹೆಚ್ಚು ಹೊತ್ತು ಮಾತಾಡುವಂತಿಲ್ಲ. ಊರಿನ ಅಷ್ಟೂ ನೆಲದಲ್ಲಿ ಅವರದೇ ಎಂದಿದ್ದದ್ದು ಅದೊಂದು ತಗ್ಗು. ಹೋಗಿ ಬರುವ ದಾರಿಯಲ್ಲಿ ಹೊಂಗೆಯ ಕೆಳಗೆ ಅವರು ಅರ್ಧ ಗಂಟೆ ನಿಲ್ಲುತ್ತಿದ್ದರು. ಯಾರ ಗಂಡ ಹೊಡೆದ, ಯಾರ ಮಗಳನ್ನು ಯಾರಿಗೆ ಕೇಳಿದ್ದಾರೆ, ಯಾವ ಮೇಸ್ತ್ರಿ ಕೈ ಸರಿಯಿಲ್ಲ, ಯಾರಿಗೆ ತಿಂಗಳು ನಿಂತಿದೆ, ಎಲ್ಲ ಅಲ್ಲಿ. ಒಬ್ಬ ಹೆಣ್ಣುಮಗಳನ್ನು ಆಕೆಯ ಭಾವ ಕಾಡುತ್ತಿದ್ದದ್ದು ಅಲ್ಲಿ ಗೊತ್ತಾಗಿ, ಅವನಿಗೆ ಬುದ್ಧಿ ಕಲಿಸುವುದು ಹೇಗೆ ಎಂಬುದೂ ಅಲ್ಲೇ ತೀರ್ಮಾನವಾಯಿತು. ಹೇಗೆ ಕಲಿಸಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆತ ಈಗ ಬಹಳ ಮರ್ಯಾದಸ್ಥ.

ಮಾನ್ಯರೇ, ನನ್ನ ಪ್ರಬಂಧದ ಜೀವವೇ ಆ ಒಂದು ಎಕರೆಯಲ್ಲಿತ್ತು. ಅದನ್ನು ನಾನು ಬರೆಯಲಿಲ್ಲ. ಹೊರಡುವ ದಿನ ಮುನಿಯಕ್ಕ ನನ್ನ ಕೈ ಹಿಡಿದು, "ಎಲ್ಲಾ ಬರ್ಕಳಿ ಅಕ್ಕ. ಅದೊಂದು ಬರೀಬ್ಯಾಡಿ. ಗಂಡಸ್ರು ಓದ್ತಾರೆ, ಆಡ್ಕತಾರೆ. ನಮ್ ಮಾನ ನಿಮ್ ಕೈಲೈತೆ" ಎಂದರು. ಅವತ್ತು ಅವರು ನನ್ನನ್ನು ಮೊದಲ ಸಲ ಅಕ್ಕ ಅಂದದ್ದು. ನಾನು ಮಾತು ಕೊಟ್ಟೆ. ನಕ್ಷೆಯಲ್ಲಿ ಬಾವಿಗೆ ಒಂದು ಗುರುತು, ಗುಡಿಗೆ ಒಂದು ಗುರುತು, ಕಲ್ಲಿನ ಕ್ವಾರಿಗೆ ಒಂದು, ಗಂಡಸರ ದಾರಿಗೆ ನೀಲಿ, ಹೆಂಗಸರ ದಾರಿಗೆ ಕೆಂಪು. ಏರಿಯ ಹಿಂದಿನ ತಗ್ಗಿನ ಸುತ್ತ ಮಾತ್ರ ಒಂದು ತೆಳು ಗೆರೆ, ಒಳಗೆ ಬಿಳಿ ಕಾಗದ. ಮಾರ್ಗದರ್ಶಕರು ಅದರ ಮೇಲೆ ಬೆರಳಿಟ್ಟು ಇಲ್ಲೇನು ಎಂದಾಗ ನನ್ನ ಬಾಯಿಂದ ಬಂದದ್ದೂ ಆ ಹೆಂಗಸರ ಮಾತೇ: ಅಲ್ಲೇನೂ ಇಲ್ಲ ಸಾರ್.

ಹಾಗೆ ಬಿಡುವುದರಲ್ಲಿ ನನಗೊಂದು ಗರ್ವವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ನಾನು ಕವಿತೆ ಓದಿಕೊಂಡು ಬೆಳೆದವಳು. ಹೇಳದೆ ಬಿಟ್ಟ ಕಡೆಯೇ ಓದುವವನು ನಿಲ್ಲುತ್ತಾನೆ, ಒಳ್ಳೆಯ ಓದುಗ ಆ ಮೌನದ ಮುಂದೆ ಚಪ್ಪಲಿ ಬಿಡುತ್ತಾನೆ ಎಂದು ನಂಬಿದವಳು. ನಲವತ್ತಮೂರು ಕೆಂಪು ಗೆರೆಗಳು ಒಂದೇ ಬಿಳಿ ಜಾಗದ ಅಂಚಿಗೆ ಬಂದು ನಿಂತಿರುವುದನ್ನು ನೋಡಿದವರಿಗೆ ಅಷ್ಟು ಸಾಲದೇ ಎಂದುಕೊಂಡಿದ್ದೆ. ನಕ್ಷೆಯನ್ನು ಓದುವವರು ಬೇರೆ ಜನ ಎಂಬುದು ನನಗೆ ಹೊಳೆದಿರಲಿಲ್ಲ.

ಎಂಬತ್ತನಾಲ್ಕರಲ್ಲಿ ನಿಮ್ಮ ಕಚೇರಿ ನಮ್ಮ ವಿಭಾಗಕ್ಕೆ ಕಾಗದ ಬರೆದು, ಆ ಕಡೆಯ ಊರುಗಳ ಇತ್ತೀಚಿನ ನಕ್ಷೆಗಳಿದ್ದರೆ ಕೊಡಿ ಎಂದು ಕೇಳಿತು. ನನ್ನದೇ ಎಲ್ಲಕ್ಕಿಂತ ಹೊಸದು. ಟ್ರೇಸಿಂಗ್ ಬಟ್ಟೆಯ ಮೇಲಿನ ಪ್ರತಿಯನ್ನು ಸುತ್ತಿ, ನಮ್ಮ ಯಜಮಾನರ ಕೊಡೆಯ ಚೀಲದಲ್ಲಿಟ್ಟುಕೊಂಡು, ಒಳ್ಳೆಯ ಸೀರೆ ಉಟ್ಟು ನಾನೇ ತಂದುಕೊಟ್ಟೆ. ಒಬ್ಬ ಗೃಹಿಣಿ ಹೆಜ್ಜೆ ಎಣಿಸಿ ಬರೆದ ನಕ್ಷೆ ಸರ್ಕಾರಿ ಕಡತಕ್ಕೆ ಸೇರುತ್ತದೆ ಎಂದು ಬಸ್ಸಿನಲ್ಲಿ ಕೂತು ಹಿಗ್ಗಿದ್ದೆ. ನಿಮ್ಮ ಸರ್ವೆಯವರು ಅದನ್ನು ಮೇಜಿನ ಮೇಲೆ ಹಾಸಿ, "ಮೇಡಂ, ಎಷ್ಟು ನೀಟಾಗಿದೆ! ನಮ್ಮೋರು ನೋಡಿ ಕಲೀಬೇಕು" ಎಂದರು. ಕೋಣೆಯಲ್ಲಿ ಇನ್ನೂ ಮೂವರಿದ್ದರು. ಎದ್ದು ಬಂದು ನೋಡಿದರು. ಅವರಲ್ಲೊಬ್ಬರು ಪೆನ್ಸಿಲಿನ ಹಿಂಬದಿಯಿಂದ ಆ ಬಿಳಿ ಜಾಗವನ್ನು ತಟ್ಟಿ, "ಇದು ವೇಕೆಂಟಾ ಮೇಡಂ?" ಎಂದರು.

ಆ ಕ್ಷಣ ನಾನು ಬಾಯಿ ಬಿಡಬಹುದಿತ್ತು. ಅದು ಹೆಂಗಸರ ಜಾಗ, ಮುಟ್ಟಬೇಡಿ ಎನ್ನಬಹುದಿತ್ತು. ಯಾಕೆ ಎಂದು ಕೇಳುತ್ತಾರಲ್ಲ, ಆ ಯಾಕೆಗೆ ಉತ್ತರ ಹೇಳಬೇಕಲ್ಲ. ನಾಲ್ಕು ಜನ ಗಂಡಸರು, ಮೇಜಿನ ಸುತ್ತ, ನನ್ನ ಮುಖ ನೋಡುತ್ತಾ. ಎಂ.ಎ. ಮಾಡಿದ, ಹೆಂಗಸರ ದಿನನಿತ್ಯದ ಬದುಕನ್ನೇ ಅಭ್ಯಾಸ ಮಾಡಿ ಮೊದಲ ದರ್ಜೆ ಪಡೆದ ನನಗೆ ಆ ಒಂದು ಮಾತು ನಾಲಿಗೆಯ ಮೇಲೆ ಬರಲಿಲ್ಲ. ಸೆರಗು ಸರಿಮಾಡಿಕೊಂಡು, "ಹೂಂ, ಸದ್ಯಕ್ಕೆ ಏನೂ ಇಲ್ಲ" ಎಂದೆ. ಅವರು ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿಕೊಂಡರು. ನನಗೆ ಟೀ ತರಿಸಿದರು. ನಾನು ಕುಡಿದೆ. ಅವರ ಮಾನ ಕಾಪಾಡಿದೆ ಎಂದುಕೊಂಡು ಮನೆಗೆ ಬಂದೆ. ಯಾರ ಮಾನ ಕಾಪಾಡಿದ್ದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ಎರಡು ವರ್ಷ ಹಿಡಿಯಿತು.

ಈ ಜನವರಿಯಲ್ಲಿ ತಂತಿ ಬೇಲಿ ಬಂತು, ಕಲ್ಲು ನೆಟ್ಟರು, ಬುಲ್ಡೋಜರು ಲಂಟಾನವನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಎತ್ತಿಹಾಕಿತು. ಸುದ್ದಿ ತಿಳಿದು ಏಪ್ರಿಲಿನಲ್ಲಿ ನಾನು ಹೋಗುವ ಹೊತ್ತಿಗೆ ಹೆಂಗಸರು ಹೊಸ ದಾರಿ ಹಿಡಿದಿದ್ದರು. ಅದನ್ನೂ ನಡೆದು ಅಳೆದೆ. ಬೇರೇನು ಮಾಡಬೇಕೋ ತಿಳಿಯದೆ ಅಳೆದೆ ಎಂದರೂ ಸರಿ. ಮುನಿಯಕ್ಕನ ಮನೆಯ ಹೊಸಿಲಿನಿಂದ ಹಳೆಯ ತಗ್ಗಿಗೆ ನನ್ನ ಇನ್ನೂರ ಹನ್ನೆರಡು ಹೆಜ್ಜೆ. ಈಗ ಪಾಳುಬಿದ್ದ ಕ್ವಾರಿಗೆ ಸಾವಿರದ ಮುನ್ನೂರ ಎಂಬತ್ತು. ನಡುವೆ ನಿಮ್ಮ ಹೊಸ ಬಡಾವಣೆಯ ರಸ್ತೆ. ಎರಡೂ ಬದಿ ಅರ್ಧ ಎದ್ದ ಮನೆಗಳು, ಅವುಗಳಲ್ಲಿ ಮಲಗುವ ಕಾವಲಿನವರು, ಮೇಸ್ತ್ರಿಗಳು, ಬೀಡಿ, ಶಿಳ್ಳೆ. ರಸ್ತೆ ದಾಟಿದರೆ ಮಳೆನೀರಿನ ಕಾಲುವೆ, ಅದರ ಮೇಲೊಂದು ಚಪ್ಪಡಿ ಕಲ್ಲು. ಯಾರೂ ಒಬ್ಬೊಬ್ಬರೇ ಹೋಗುವುದಿಲ್ಲ. ನಿಂತು ಮಾತಾಡುವುದಿಲ್ಲ. ಮುನಿಯಕ್ಕನ ಸೊಸೆ ಸಪ್ಪಲಮ್ಮ, ಇಪ್ಪತ್ತೆರಡು ವರ್ಷದವಳು, ಆಗ ಬಸುರಿ. ಅವಳು ನನಗೆ ಹೇಳಿದಳು:

"ಮದ್ಯಾನದ ಮೇಲೆ ನೀರು ಕುಡಿಯಾದೇ ಬುಟ್ಬುಟ್ಟಿವ್ನಿ ಅಕ್ಕ. ಎಲ್ರೂ ಅಂಗೇಯ. ಬಾಯಿ ಒಣಗ್ದಾಗ ಕೊತ್ತಂಬ್ರಿ ಕಡ್ಡಿ ಅಗ್ಯಾದು."

"ಹೊಟ್ಟೇಲಿ ಮಗು ಇದೆಯಲ್ಲೇ, ನೀರು ಕುಡಿಯದೆ ಇದ್ದರೆ ಹೇಗೆ?" ಅಂದೆ.

"ಮಗೀಗೇನು ಗೊತ್ತು ನೀವು ಬೇಲಿ ಆಕಿರಾದು" ಎಂದು ನಕ್ಕಳು. ನೀವು ಎಂದರೆ ಪಟ್ಟಣದವರು ಎಂದು ಅವಳ ಅರ್ಥ. ನನಗೆ ಹಾಗೆ ಕೇಳಿಸಲಿಲ್ಲ.

ಜೂನ್ ಹನ್ನೊಂದನೇ ತಾರೀಖು ನಸುಕಿನಲ್ಲಿ, ಹಿಂದಿನ ದಿನ ಮಳೆ ಬಿದ್ದು ನೆಂದಿದ್ದ ಆ ಚಪ್ಪಡಿಯ ಮೇಲೆ ಸಪ್ಪಲಮ್ಮ ಜಾರಿ ಕಾಲುವೆಗೆ ಬಿದ್ದಳು. ಆರು ತಿಂಗಳು ತುಂಬಿತ್ತು. ಅತ್ತೆ ಮತ್ತು ಇನ್ನಿಬ್ಬರು ಹೆಂಗಸರು ಅವಳನ್ನು ಎತ್ತಿಕೊಂಡು ಬಂದರು. ಆಸ್ಪತ್ರೆಗೆ ಸೇರಿಸಿದರು. ಅವಳು ಉಳಿದಳು, ಮಗು ಉಳಿಯಲಿಲ್ಲ. ಮಗು ಗಂಡೋ ಹೆಣ್ಣೋ ಎಂದು ಯಾರೋ ಕೇಳಿದರಂತೆ. ಮುನಿಯಕ್ಕ ಸೊಸೆಯ ಒದ್ದೆ ಸೀರೆ ಹಿಂಡುತ್ತಾ ಕೂತಿದ್ದರಂತೆ.

ಆಮೇಲೆಯೇ ಅವರು ನಿಮಗೆ ಅರ್ಜಿ ಕೊಟ್ಟದ್ದು. ಊರಿನ ಶಾಲೆಯ ಮೇಷ್ಟ್ರು ಬರೆದುಕೊಟ್ಟರು. ಅದರಲ್ಲೂ ಜಾಗ ಯಾತಕ್ಕೆ ಬೇಕೆಂದು ಬಿಡಿಸಿ ಬರೆದಿರಲಿಲ್ಲ. "ಸ್ತ್ರೀಯರ ಅನುಕೂಲಕ್ಕಾಗಿ" ಎಂದಿತ್ತು. ಮೇಷ್ಟ್ರೂ ಮರ್ಯಾದಸ್ಥರೇ.

ನಿಮ್ಮ ಉತ್ತರ ಬಂದ ದಿನ ಮುನಿಯಕ್ಕ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ನಡೆದು ಬಂದರು. ಕುರ್ಚಿ ಹಾಕಿದರೂ ಕೂರದೆ ಮೆಟ್ಟಿಲ ಮೇಲೆ ಕೂತರು. "ಓದಿ ಅಕ್ಕ. ಮೊಹರು ಒತ್ತೌರೆ. ಒಳ್ಳೇದೇ ಇರ್ಬೇಕು. ಬ್ಯಾಡ ಅನ್ನಾಕೆ ಇಷ್ಟು ಚೆಂದಾಗಿ ಟೈಪ್ ಒಡೀತಾರಾ?" ಎಂದರು. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಓದು ಬಾರದವರ ಮುಂದೆ ನಿಂತಿದ್ದೇನೆ. ನಕ್ಷೆಯ ಮಾತಿದ್ದ ಆ ಸಾಲನ್ನು ನುಂಗಿಬಿಟ್ಟರೆ ಕೇಳುವವರಿರಲಿಲ್ಲ. ಗಟ್ಟಿಯಾಗಿ ಓದಿದೆ.

"ಯಾವ ನಕ್ಸೆ?" ಎಂದರು.

"ನಂದೇ ಮುನಿಯಕ್ಕ."

"ರಂಗೋಲಿ ಪುಡೀಲಿ ಬರ್ದ್ವಲ್ಲ, ಅದಾ?"

"ಅದೇ."

"ಅದ್ರಾಗೆ ನಾವು ಅದುನ್ನ ಬರೀಲೇ ಇಲ್ಲ. ಬರೀಬ್ಯಾಡಿ ಅಂದೋಳೂ ನಾನೇಯ. ನಿಮ್ದೇನು ತೆಪ್ಪು ಬುಡಿ" ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಕ್ಷಮೆ ಪಡೆದವಳಾಗಿ ಉಳಿಯುತ್ತಿದ್ದೆ. ಆದರೆ ನಿಮ್ಮ ಕಚೇರಿಯ ಕೋಣೆಯ ವಿಷಯ, ಆ ನಾಲ್ಕು ಜನ, ಪೆನ್ಸಿಲು, ನಾನು ಅಂದ ಹೂಂ, ಇದ್ಯಾವುದೂ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ನನ್ನ ಮುಖವನ್ನು ನೋಡಲಿಲ್ಲ. ಕಾಗದವನ್ನು ಇಸಕೊಂಡು, ಇದ್ದ ಮಡಿಕೆಗಳಲ್ಲೇ ಮಡಿಸಿ, ಸೆರಗಿಗೆ ಗಂಟು ಹಾಕಿದರು. "ಸಪ್ಪಲಮ್ಮನ ಮುಂದೆ ಇದುನ್ನ ಆಡ್ಬ್ಯಾಡಿ" ಎಂದರು. ಕಾಫಿ ತಂದಿಟ್ಟಿದ್ದೆ; ಮುಟ್ಟಲಿಲ್ಲ. ದೂರ ನಡೆಯಬೇಕು, ಕುಡಿದರೆ ತೊಂದರೆ ಎಂದರು. ಒಳಗೆ ಹೋಗಿ ಬನ್ನಿ ಮುನಿಯಕ್ಕ, ಬಚ್ಚಲುಮನೆಯ ಪಕ್ಕದಲ್ಲೇ ಕಕ್ಕಸು ಇದೆ ಎಂದೆ. ಆಗ ನನ್ನ ಮುಖ ನೋಡಿದರು. ನಾಲ್ಕು ವರ್ಷದಲ್ಲಿ ಅವರು ಎಷ್ಟೋ ಸಲ ನಮ್ಮ ಮನೆಗೆ ಬಂದಿದ್ದಾರೆ. ಹಾಗೆಂದು ನಾನು ಕರೆದದ್ದು ಅದೇ ಮೊದಲ ಸಲ.

ಮಾನ್ಯರೇ, ನನ್ನ ತಪ್ಪನ್ನು ನಾನು ಬರೆದಿದ್ದೇನೆ. ಈಗ ನಿಮ್ಮದು. ನಿಮ್ಮ ಸರ್ವೆಯವರು ಆ ನೆಲದ ಮೇಲೆ ಎಷ್ಟು ಸಲ ನಿಂತಿದ್ದರು? ಅಲ್ಲಿ ಸವೆದ ಕಾಲುದಾರಿಗಳು ಕಾಣಲಿಲ್ಲವೇ? ವೇಕೆಂಟಾ ಎಂದು ಕೇಳಿದವರೂ ಯಾವುದೋ ಹಳ್ಳಿಯಿಂದಲೇ ಬಂದವರಿರಬೇಕು. ಕೆರೆ ಏರಿಯ ಹಿಂದೆ ಪೊದೆಯಿದ್ದರೆ ಅದು ಯಾರ ಜಾಗವೆಂದು ಅವರ ತಾಯಿ ಹೇಳಿಕೊಟ್ಟಿರಲಿಲ್ಲವೇ? ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಸಭ್ಯತೆಯಿಂದ ಸುಮ್ಮನಿದ್ದೆವು. ಸುಮ್ಮನಿದ್ದದ್ದಕ್ಕೆ ಅವರಿಗೆ ಹನ್ನೊಂದು ನಿವೇಶನ ಸಿಕ್ಕಿತು, ನನಗೆ ಟೀ ಸಿಕ್ಕಿತು.

ಮನೆಯಲ್ಲೇ ಶೌಚಾಲಯ ಕಟ್ಟಿಸಿಕೊಳ್ಳಬಾರದೇ ಎಂದು ನಿಮ್ಮ ಗುಮಾಸ್ತರು ನನ್ನನ್ನು ಕೇಳಿದರು. ಹತ್ತಡಿ ಅಗಲದ ಮನೆಗಳು. ಅದರಲ್ಲಿ ಆರು ಜನ, ಒಂದು ಕೊಟ್ಟಿಗೆ. ಒಳಚರಂಡಿಯ ಕೊಳವೆ ಆ ಊರಿನ ಬಾಗಿಲ ಮುಂದೆಯೇ ಹಾದುಹೋಗುತ್ತದೆ, ನಿಮ್ಮ ಬಡಾವಣೆಗೆ. ಊರಿಗೆ ಜೋಡಣೆ ಕೊಡಿ ಎಂದರೆ ಹಳೆಯ ಊರು ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ ಎನ್ನುತ್ತೀರಿ. ಊರಿನ ಹೊಲ ವ್ಯಾಪ್ತಿಗೆ ಬರುತ್ತದೆ, ಏರಿ ಬರುತ್ತದೆ, ಹೊಂಗೆ ಮರ ಬರುತ್ತದೆ. ಅಲ್ಲಿರುವ ಮನುಷ್ಯರು ಮಾತ್ರ ಬರುವುದಿಲ್ಲ. ನಿಮ್ಮ ಬಡಾವಣೆಯ ನಕ್ಷೆಯನ್ನು ಗೋಡೆಯ ಮೇಲೆ ನೋಡಿದೆ. ಎರಡು ಉದ್ಯಾನ, ಒಂದು ಕಲ್ಯಾಣ ಮಂಟಪ, ಒಂದು ಕ್ಲಬ್ಬು, ಮುಂದೆಂದೋ ಬರಲಿರುವ ಬ್ಯಾಂಕಿಗೆ ಈಗಲೇ ಮೀಸಲಿಟ್ಟ ಮೂಲೆ. ಇನ್ನೂ ಹುಟ್ಟದ ಬ್ಯಾಂಕಿಗೆ ಜಾಗ ತೋರುವ ದೂರದೃಷ್ಟಿಯಿರುವವರಿಗೆ ದಿನಕ್ಕೆರಡು ಸಲ ನಡೆಯುವ ನಲವತ್ತಮೂರು ಹೆಂಗಸರು ಕಾಣಲಿಲ್ಲ.

ಈ ಪತ್ರ ಬರೆಯುವ ಮೊದಲು ಅವರನ್ನು ಕೇಳಬೇಕಿತ್ತು. ಸಪ್ಪಲಮ್ಮನ ಮುಂದೆ ಆಡಬೇಡಿ ಎಂದು ಮುನಿಯಕ್ಕ ಹೇಳಿದ್ದರು. ಇನ್ನೊಮ್ಮೆ ಹೇಳದೆ ಬಿಡುವುದು ನನ್ನಿಂದಾಗಲಿಲ್ಲ. ಕಳೆದ ಭಾನುವಾರ ಹೋಗಿ ಅತ್ತೆ ಸೊಸೆ ಇಬ್ಬರ ಮುಂದೆಯೂ ಎಲ್ಲ ಹೇಳಿದೆ. ಪತ್ರಿಕೆಯಲ್ಲಿ ಬರೆದರೆ ಊರೆಲ್ಲ ಓದುತ್ತದೆ, ಬರೆಯಲೇ, ಬೇಡವೇ ಎಂದೆ. ಸುತ್ತ ಸೇರಿದ್ದ ಹೆಂಗಸರು ಬೇಡ ಬೇಡ ಎಂದರು. ಸಪ್ಪಲಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಹೇಳಿದಳು:

"ಮಾನ ಓಗ್ತದೆ ಅಂತ ನೀವು ಬರೀಲಿಲ್ಲ, ಇವ್ರು ಏಳ್ಲಿಲ್ಲ. ನಂದು ವೊಟ್ಟೇನೇ ಓಯ್ತು. ಬರ್ದ್ಬುಡಿ ಅಕ್ಕ. ನನ್ನೆಸ್ರು ಆಕಿ."

ಮುನಿಯಕ್ಕ ಸೊಸೆ ಕೆಳಗಿಟ್ಟ ಮೊರವನ್ನು ತಮ್ಮ ಕಡೆ ಎಳೆದುಕೊಂಡು, "ಅವಳೆಸ್ರು ಆಕಾದಾದ್ರೆ ನಂದೂ ಆಕಿ. ಊರೆಸ್ರು ಬ್ಯಾಡ, ಬ್ಯಾರೆ ಎಣ್ಮಕ್ಳವ್ರೆ" ಎಂದರು. ಅದರಂತೆ ಬರೆದಿದ್ದೇನೆ. ಊರಿನ ಹೆಸರು ನಿಮ್ಮ ಕಡತದಲ್ಲಿದೆ.

ನಾನು ಕೇಳುವುದು ಇದು. ಒಂದನೇ ತಾರೀಖಿನ ನೋಂದಣಿಯನ್ನು ನಿಲ್ಲಿಸಿ. ಹನ್ನೊಂದು ನಿವೇಶನಗಳ ಬೇಲಿ ತೆಗೆದು ಆ ತಗ್ಗನ್ನು ಹೆಂಗಸರಿಗೆ ಬಿಟ್ಟುಕೊಡಿ. ಅಲ್ಲಿ ನೀರು, ಬಾಗಿಲು, ದೀಪ ಇರುವ ಶೌಚಾಲಯ ಕಟ್ಟಿಸಿ, ಕಟ್ಟಿ ಮುಗಿಯುವ ತನಕ ಅದನ್ನು ಯಾರಿಗೂ ಬರೆದುಕೊಡಬೇಡಿ. ಮುಗಿದ ಮೇಲೂ ಹೊಂಗೆಯ ಕೆಳಗೆ ನಿಲ್ಲುವಷ್ಟು ಜಾಗ ಉಳಿಸಿ. ಅದನ್ನು ಯಾವ ತಲೆಬರಹದಡಿ ಬರೆದುಕೊಳ್ಳಬೇಕೋ ನಿಮಗೆ ತಿಳಿಯದಿದ್ದರೆ ಸಭಾಂಗಣ ಎಂದು ಬರೆದುಕೊಳ್ಳಿ, ಸುಳ್ಳಾಗುವುದಿಲ್ಲ. ನನ್ನ ನಕ್ಷೆಯನ್ನು ಸಾಕ್ಷಿಯಾಗಿ ಹೇಳಿದ ಆ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ. ತಿದ್ದಿದ ನಕ್ಷೆಯನ್ನು ಈ ಪತ್ರದ ಜೊತೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಈ ಸಲ ಎಲ್ಲವನ್ನೂ ಅದರದರ ಹೆಸರಿನಿಂದಲೇ ಬರೆದಿದ್ದೇನೆ. ಸ್ಥಳ ಪರಿಶೀಲನೆಗೆ ಯಾರನ್ನಾದರೂ ಕಳಿಸುವುದಾದರೆ ಒಬ್ಬ ಹೆಂಗಸನ್ನು ಕಳಿಸಿ. ನಿಮ್ಮ ಕಚೇರಿಯಲ್ಲಿ ಅಂಥವರು ಯಾರೂ ಇಲ್ಲದಿದ್ದರೆ ತಾವೇ ನಸುಕಿನಲ್ಲಿ ಬಂದು ಆ ಚಪ್ಪಡಿಯನ್ನು ಒಮ್ಮೆ ದಾಟಿ ನೋಡಿ.

ಉತ್ತರವನ್ನು ನನ್ನ ವಿಳಾಸಕ್ಕೆ ಕಳಿಸಬೇಡಿ. ಮುನಿಯಕ್ಕನ ಹೆಸರಿಗೆ ಕಳಿಸಿ. ಅವರು ಅದನ್ನು ನನ್ನ ಹತ್ತಿರ ತರುತ್ತಾರೋ, ಬೇರೆ ಯಾರ ಕೈಲಾದರೂ ಓದಿಸಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ಆ ಭಾನುವಾರದಿಂದ ಅವರು ನಮ್ಮ ಮನೆಯ ಕಡೆ ಬಂದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ವಿಶ್ವಾಸಾರ್ಹ ಎಂದು ನಮೂದಾಗಿರುವ
ಜಯನಗರದ ಒಬ್ಬ ಹೆಂಗಸು
ಸೆಪ್ಟೆಂಬರ್ ೧೯೮೬